ಎರರ್ ಪುಟವೇ ಗುಟ್ಟು ಬಿಟ್ಟುಕೊಟ್ಟರೆ

ಪ್ರಶ್ನೆ: ನಮ್ಮದು ಅಡಿಕೆ ಮಾರಾಟ ಸಹಕಾರಿ ಸಂಘ. ಸದಸ್ಯರು ಖಾತೆ, ವಖಾರಿಯ ದಾಸ್ತಾನು, ಟೆಂಡರ್ ದರ ನೋಡುವ ತಂತ್ರಾಂಶ ಟಾಮ್‌ಕ್ಯಾಟ್ ಎಂಬ ವೆಬ್ ಸರ್ವರ್ ಮೇಲೆ ನಡೆಯುತ್ತದೆ. ಭದ್ರತಾ ಪರಿಶೀಲನೆಗೆ ಬಂದವರು ‘ಮಾಹಿತಿ ಬಯಲಾಗುವ ದೋಷ, ಮಧ್ಯಮ, 5.3’ ಎಂದು ಬರೆದು ಹೋಗಿದ್ದಾರೆ. ತಂತ್ರಾಂಶ ಕೊಟ್ಟವರನ್ನು ಕೇಳಿದರೆ ‘ಬರೀ ಎರರ್ ಪುಟದ ವಿಷಯ, ಹಣವೇನೂ ಹೋಗುವುದಿಲ್ಲ, ಮುಂದಿನ ಆವೃತ್ತಿಯಲ್ಲಿ ನೋಡೋಣ’ ಎನ್ನುತ್ತಾರೆ. ಅಷ್ಟು ದಿನ ಕಾಯಬಹುದೇ?
– ಗಣಕ ವಿಭಾಗದ ನೌಕರ, ಶಿರಸಿ

ಉತ್ತರ: ಕಾಯಬೇಡಿ. ಅರ್ಧ ಕೆಲಸ ನೀವೇ ಮಾಡಿಕೊಳ್ಳುವಂಥದ್ದು.

ಮೊದಲು ಆ 5.3 ಎಲ್ಲಿಂದ ಬಂತು ನೋಡಿ. ದೋಷ ಎಷ್ಟು ಗಂಭೀರ ಎಂದು ಹತ್ತಕ್ಕೆ ಅಂಕ ಕೊಡುವ ಸಿವಿಎಸ್‌ಎಸ್ ಲೆಕ್ಕದಲ್ಲಿ, ಅಂತರ್ಜಾಲದಿಂದಲೇ ತಲುಪಬಹುದು, ಲಾಗಿನ್ ಬೇಡ, ಬೇರೆಯವರು ಎಡವಬೇಕಾಗಿಯೂ ಇಲ್ಲ, ಆದರೆ ಸೋರುವ ಮಾಹಿತಿ ಸ್ವಲ್ಪವೇ ಎಂದಾದರೆ ಅಂಕ 5.3. ಉಳಿದದ್ದೆಲ್ಲ ಹಾಗೇ ಇದ್ದು ಸೋರಿಕೆ ಪೂರ್ತಿ ಎಂದಾದರೆ 7.5. ಅಂದರೆ ಪ್ರಶ್ನೆ ಅಂಕದ್ದಲ್ಲ, ಏನು ಸೋರುತ್ತಿದೆ ಎಂಬುದು. ಅದನ್ನು ಕಣ್ಣಾರೆ ನೋಡಿ. ಪರೀಕ್ಷೆಗೆಂದು ಇಟ್ಟ ಪ್ರತಿಯಲ್ಲಿ, ಇಲ್ಲದ ಪುಟವೊಂದರ ವಿಳಾಸ ಕೊಡಿ. ಬಳಿಕ ವಿಳಾಸದಲ್ಲಿ ಸದಸ್ಯ ಸಂಖ್ಯೆ ಇರುವ ಜಾಗಕ್ಕೆ ‘ಕ’ ಅಂತ ಅಕ್ಷರ ಹಾಕಿ ಎಂಟರ್ ಒತ್ತಿ. 500ರ (ಸರ್ವರಿನೊಳಗಿನ ದೋಷದ) ಪುಟ ಬಂದರೆ ನಿಧಾನವಾಗಿ ಓದಿ. ಕೆಳತುದಿಯಲ್ಲಿ ಟಾಮ್‌ಕ್ಯಾಟ್‌ನ ಆವೃತ್ತಿ ಇರುತ್ತದೆ, ನಡುವೆ ಸಾಲುಸಾಲಾಗಿ ಪ್ರೋಗ್ರಾಮಿನ ಕಡತಗಳ ಹೆಸರು (ಇದೇ ಸ್ಟ್ಯಾಕ್ ಟ್ರೇಸ್). ಕೆಲವೊಮ್ಮೆ ಡೇಟಾಬೇಸಿನ ಕೋಷ್ಟಕದ ಹೆಸರೂ ಡೇಟಾಬೇಸಿಗೆ ಕೊಡುವ ಆದೇಶದ, ಅಂದರೆ ಎಸ್‌ಕ್ಯುಎಲ್‌ನ, ಇಡೀ ಸಾಲೂ ಹೊರಬಿದ್ದಿರುತ್ತದೆ. ಆವೃತ್ತಿ ಸಿಕ್ಕಿದವನು ಅದಕ್ಕೆ ಈಗಾಗಲೇ ಗೊತ್ತಿರುವ ತೂತುಗಳ ಪಟ್ಟಿ ತೆಗೆದರಾಯಿತು. ಕೋಷ್ಟಕದ ಹೆಸರು ಸಿಕ್ಕಿದವನಿಗೆ ಎಸ್‌ಕ್ಯುಎಲ್ ಇಂಜೆಕ್ಷನ್‌ಗೆ (ಡೇಟಾಬೇಸಿಗೆ ತನ್ನದೇ ಆದೇಶ ನುಸುಳಿಸುವುದಕ್ಕೆ) ಊಹೆ ಮಾಡುವ ಕಷ್ಟವೇ ತಪ್ಪಿತು. ಹಣ ಹೋಗುವುದು ಎರಡನೇ ಹೆಜ್ಜೆಯಲ್ಲಿ. ದಣಪೆ ತೆಗೆದಿಟ್ಟ ತೋಟಕ್ಕೆ ದನ ನುಗ್ಗುವುದು ತಡವಾಗಬಹುದು, ಅಷ್ಟೆ.

ಸರಿಪಡಿಸಲು ಟಾಮ್‌ಕ್ಯಾಟ್‌ನ ಸರ್ವರ್.ಎಕ್ಸ್‌ಎಂಎಲ್ ಕಡತದ ಪ್ರತಿ ಇಟ್ಟುಕೊಂಡು, ‘ಹೋಸ್ಟ್’ ಭಾಗದೊಳಗೆ ‘ಎರರ್‌ರಿಪೋರ್ಟ್‌ವಾಲ್ವ್’ ಸೇರಿಸಿ, ಅದರ ‘ಶೋರಿಪೋರ್ಟ್’ ಮತ್ತು ‘ಶೋಸರ್ವರ್‌ಇನ್‌ಫೋ’ ಎರಡನ್ನೂ ‘ಫಾಲ್ಸ್’ ಮಾಡಿ. ಒಂದನ್ನೇ ಬದಲಿಸಿದರೆ ಸ್ಟ್ಯಾಕ್ ಟ್ರೇಸ್ ಹೋಗಿ ಆವೃತ್ತಿ ಉಳಿದೀತು, ಇಲ್ಲವೇ ಅದರ ತಿರುವುಮುರುವು. ಟಾಮ್‌ಕ್ಯಾಟ್ ನಿಲ್ಲಿಸಿ ಮತ್ತೆ ಶುರುಮಾಡಬೇಕಾಗುವುದರಿಂದ ಟೆಂಡರ್ ಮುಗಿದ ಮೇಲೆ, ಸಂಜೆ ಮಾಡಿ. ಆಮೇಲೆ ವೆಬ್.ಎಕ್ಸ್‌ಎಂಎಲ್‌ನಲ್ಲಿ 404 (ಪುಟ ಇಲ್ಲ), 500 ಮತ್ತು ‘ಥ್ರೋಯೆಬಲ್’ಗೆ (ಪ್ರೋಗ್ರಾಮಿನ ಯಾವುದೇ ದೋಷಕ್ಕೆ) ನಿಮ್ಮದೇ ಪುಟ ಕೊಡಿಸಿ, ಇದು ತಂತ್ರಾಂಶದವರ ಕೆಲಸ. ಆ ಪುಟದಲ್ಲಿ ‘ತೊಂದರೆಯಾಗಿದೆ’ ಎಂದಷ್ಟೇ ಬರೆಸಬೇಡಿ. ಪ್ರತಿ ಬಾರಿಯೂ ಬೇರೆಯಾದ ಒಂದು ದೂರು ಸಂಖ್ಯೆ ತೋರಿಸಲಿ, ಅದೇ ಸಂಖ್ಯೆಯಡಿ ಪೂರ್ತಿ ವಿವರ ಸರ್ವರಿನ ಲಾಗ್‌ಗೆ ಹೋಗಲಿ. ಇಲ್ಲದಿದ್ದರೆ ಕೌಂಟರಿನವರಿಗೆ ಏನು ಹೇಳಬೇಕೆಂದೇ ತಿಳಿಯದೆ, ಎರಡು ತಿಂಗಳೊಳಗೆ ಯಾರೋ ಹಳೆಯ ಪುಟವನ್ನೇ ವಾಪಸು ತಂದಿರುತ್ತಾರೆ.

ಪುಟ ಚಂದವಾದರೂ ಮೊಬೈಲ್ ಆ್ಯಪ್‌ಗೆ ಹೋಗುವ ಜೇಸನ್ ಉತ್ತರದಲ್ಲಿ (ಆ್ಯಪ್ ಓದಿಕೊಳ್ಳುವ ಪಠ್ಯರೂಪದ ಮಾಹಿತಿಯಲ್ಲಿ) ಟ್ರೇಸ್ ಹಾಗೇ ಉಳಿಯುವುದು ಬಹಳ ಕಡೆ ಕಾಣುತ್ತದೆ. ಅದನ್ನೂ ಪರೀಕ್ಷಿಸಿ.

ಇನ್ನು, ತಂತ್ರಾಂಶ ಸ್ಪ್ರಿಂಗ್ ಬೂಟ್‌ನಲ್ಲಿ (ಜಾವಾ ತಂತ್ರಾಂಶ ಕಟ್ಟುವ ಚೌಕಟ್ಟಿನಲ್ಲಿ) ಬರೆದದ್ದೇ ಎಂದು ಕೇಳಿ. ಹೌದಾದರೆ ಇವತ್ತೇ ತಂತ್ರಾಂಶದ ಒಳಸ್ಥಿತಿ ತೋರಿಸುವ ‘/ಆಕ್ಚುಯೇಟರ್’ ವಿಳಾಸ ತೆರೆದು ನೋಡಿ. ಈಚಿನ ಆವೃತ್ತಿಗಳಲ್ಲಿ ‘ಹೆಲ್ತ್’ ಒಂದೇ ಹೊರಗೆ ಕಾಣುತ್ತದೆ. ಆದರೆ ‘ಅನುಕೂಲಕ್ಕೆ ಇರಲಿ’ ಎಂದು ಎಲ್ಲವನ್ನೂ ತೆರೆಯುವ ನಕ್ಷತ್ರ ಚಿಹ್ನೆ ಹಾಕಿಟ್ಟಿದ್ದರೆ 3.5ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ‘ಹೀಪ್‌ಡಂಪ್’ ಕೂಡ ಸಿಗುತ್ತದೆ. ಅದನ್ನು ಒತ್ತಿದರೆ ಇಳಿಯುವುದು ಆ ಹೊತ್ತಿಗೆ ತಂತ್ರಾಂಶದ ನೆನಪಿನಲ್ಲಿದ್ದದ್ದೆಲ್ಲವೂ: ಡೇಟಾಬೇಸಿನ ಪಾಸ್‌ವರ್ಡ್, ಲಾಗಿನ್ ಆಗಿದ್ದವರನ್ನು ಗುರುತಿಸುವ ಸೆಷನ್ ಸಂಖ್ಯೆ, ಸದಸ್ಯರ ವಿವರ. ಸೆಟ್ಟಿಂಗ್‌ಗಳನ್ನು ತೋರಿಸುವ ‘ಎನ್ವ್’ ಪುಟ ಪಾಸ್‌ವರ್ಡನ್ನು ನಕ್ಷತ್ರಗಳಿಂದ ಮುಚ್ಚಬಹುದು, ಹೀಪ್‌ಡಂಪ್‌ಗೆ ಆ ನಾಚಿಕೆ ಇಲ್ಲ. ಅದು ತೆರೆದೇ ಇತ್ತು ಎಂದಾದರೆ ಮುಚ್ಚಿದರಷ್ಟೇ ಸಾಲದು. ಡೇಟಾಬೇಸ್, ಎಸ್‌ಎಂಎಸ್ ಸೇವೆ, ಇಮೇಲ್ ಎಲ್ಲದರ ಪಾಸ್‌ವರ್ಡ್ ಬದಲಿಸಿ, ಎಲ್ಲ ಸೆಷನ್‌ಗಳನ್ನೂ ರದ್ದುಮಾಡಿ.

ಆವೃತ್ತಿ ಮುಚ್ಚಿಟ್ಟ ಮಾತ್ರಕ್ಕೆ ಹಳೆಯ ಟಾಮ್‌ಕ್ಯಾಟ್ ಹೊಸದಾಗುವುದಿಲ್ಲ. ನಿಮ್ಮದು 8.5 ಆಗಿದ್ದರೆ ಅದರ ಬೆಂಬಲ 2024ರ ಮಾರ್ಚ್ 31ಕ್ಕೇ ನಿಂತಿದೆ. ತಂತ್ರಾಂಶದವರ ಜೊತೆ ಜಗಳವಾಡುವುದಾದರೆ ಆ ವಿಷಯಕ್ಕೆ ಆಡಿ.

ಪ್ರಶ್ನೆ: ಒಂದು ಸಂಸ್ಥೆಗೆ ಆನ್‌ಲೈನಿನಲ್ಲಿ ಹಣ ಕಟ್ಟಿ ರಸೀದಿ ತೆರೆದಿದ್ದೆ. ವಿಳಾಸದ ಕೊನೆಯ ಅಂಕಿ ತಪ್ಪಾಗಿ ಬದಲಾಗಿ ಬೇರೊಬ್ಬರ ಹೆಸರು, ಮೊಬೈಲ್ ಸಂಖ್ಯೆ ಬಂತು. ಹೇಳಿದರೆ ನನ್ನ ಮೇಲೇ ಕೇಸ್ ಆಗುತ್ತದೆಯೇ?
– ಓದುಗರು, ಕಾರವಾರ

ಉತ್ತರ: ಒಂದು ಸಲ ಕಂಡದ್ದನ್ನು ತಿಳಿಸುವುದು ಬೇರೆ, ಅಂಕಿ ಬದಲಿಸುತ್ತ ಇನ್ನೂ ಐವತ್ತು ರಸೀದಿ ನೋಡುವುದು ಬೇರೆ. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 43 ಮತ್ತು 66ನೇ ಕಲಂಗಳಡಿ, ದುರುದ್ದೇಶದಿಂದ ಅನುಮತಿಯಿಲ್ಲದೆ ಮಾಹಿತಿ ತೆಗೆದರೆ ಮೂರು ವರ್ಷದವರೆಗೆ ಜೈಲು ಅಥವಾ 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ‘ಖಾತ್ರಿ ಮಾಡಿಕೊಳ್ಳೋಣ’ ಎಂದೂ ಮತ್ತೆ ನೋಡಬೇಡಿ. ದಿನ, ಹೊತ್ತು, ವಿಳಾಸ ಬರೆದಿಟ್ಟು, ಆ ಇನ್ನೊಬ್ಬರ ವಿವರ ಉಳಿಸಿಕೊಳ್ಳದೆ, ಸಂಸ್ಥೆಗೆ ಇಮೇಲ್ ಮಾಡಿ. ಉತ್ತರ ಬಾರದಿದ್ದರೆ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ಗೆ ತಿಳಿಸಿ. ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ.

ಸಂಸ್ಥೆಯವರು ಇದನ್ನು ಓದುತ್ತಿದ್ದರೆ: ರಸೀದಿ ಕೇಳಿದಾಗಲೆಲ್ಲ ಅದು ಲಾಗಿನ್ ಆದವರದ್ದೇ ಎಂದು ಸರ್ವರ್ ನೋಡಬೇಕು. ರಸೀದಿ ಸಂಖ್ಯೆಯ ಜೊತೆಗೆ ಸೆಷನ್‌ನಲ್ಲಿರುವ ಗ್ರಾಹಕ ಸಂಖ್ಯೆಯೂ ಹೊಂದಿದರೆ ಮಾತ್ರ ದಾಖಲೆ ಕೊಡುವಂತೆ ಎಸ್‌ಕ್ಯುಎಲ್‌ನಲ್ಲಿ ಒಂದು ಷರತ್ತು ಸೇರಿಸಿದರಾಯಿತು. 4812ರಂಥ ರಸೀದಿ ಸಂಖ್ಯೆಯ ಬದಲು ಉದ್ದನೆಯ ಅಡ್ಡಾದಿಡ್ಡಿ ಸಂಖ್ಯೆ ಇಟ್ಟರೆ ಊಹಿಸುವುದು ಕಷ್ಟವಾದೀತು, ಆದರೆ ಲಿಂಕ್ ಒಬ್ಬರಿಂದೊಬ್ಬರಿಗೆ ದಾಟಿದ ಕೂಡಲೇ ಅದೂ ವ್ಯರ್ಥ. ಮಾಹಿತಿ ಸೋರಿದ್ದು ಗೊತ್ತಾದರೆ 6 ಗಂಟೆಯೊಳಗೆ ಸರ್ಟ್-ಇನ್‌ಗೆ ವರದಿ ಮಾಡಬೇಕು, 180 ದಿನಗಳ ಲಾಗ್ ಇಟ್ಟಿರಬೇಕು. 2022ರ ಏಪ್ರಿಲ್ 28ರ ನಿರ್ದೇಶನವಿದು.

ಪ್ರಶ್ನೆ: ನಮ್ಮ ಸಂಘದ ಸದಸ್ಯರ ಪಟ್ಟಿಯ ಪಿಡಿಎಫ್ ಗೂಗಲ್‌ನಲ್ಲಿ ಸಿಗುತ್ತಿದೆ. ಹುಡುಕುಯಂತ್ರಗಳಿಗೆ ಸೂಚನೆ ಕೊಡುವ ರೋಬೋಟ್ಸ್.ಟಿಎಕ್ಸ್‌ಟಿ ಕಡತದಲ್ಲಿ ತಡೆ ಹಾಕಿದರೂ ಹೋಗುತ್ತಿಲ್ಲ.
– ಓದುಗರು, ಕುಮಟಾ

ಉತ್ತರ: ಅದು ಬೀಗವಲ್ಲ, ‘ಇಲ್ಲಿ ನೋಡಬೇಡಿ’ ಎಂಬ ಬೋರ್ಡು. ಯಾರು ಬೇಕಾದರೂ ಅದನ್ನು ತೆರೆದು ಓದಬಹುದು, ಹಾಗಾಗಿ ಎಲ್ಲಿ ನೋಡಬೇಕೆಂದು ನೀವೇ ಹೇಳಿದಂತಾಯಿತು. ಪಿಡಿಎಫನ್ನು ವೆಬ್ ಫೋಲ್ಡರಿನಿಂದಲೇ ತೆಗೆಯಿರಿ, ರೋಬೋಟ್ಸ್‌ನ ಆ ಸಾಲನ್ನೂ ಅಳಿಸಿ. ಗೂಗಲ್ ಮತ್ತೆ ಬಂದು 404 ಕಂಡರೆ ತಾನೇ ಕೈಬಿಡುವುದು. ತುರ್ತಿಗೆ ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ (ಜಾಲತಾಣದ ಒಡೆಯರಿಗಾಗಿ ಇರುವ ಸೇವೆಯಲ್ಲಿ) ತೆಗೆಯುವ ಕೋರಿಕೆ ಹಾಕಬಹುದು, ಅದು ಸುಮಾರು ಆರು ತಿಂಗಳ ಮಟ್ಟಿಗೆ ಮಾತ್ರ. ಫೋಲ್ಡರಿನ ಪಟ್ಟಿ ಕಾಣದಂತೆ, ನಿಮ್ಮ ವೆಬ್ ಸರ್ವರ್ ಯಾವುದೆಂದು ನೋಡಿ, ಅಪಾಚೆಯಲ್ಲಿ ‘ಆಪ್ಶನ್ಸ್ -ಇಂಡೆಕ್ಸಸ್’, ಎನ್‌ಜಿನ್‌ಎಕ್ಸ್‌ನಲ್ಲಿ ‘ಆಟೋಇಂಡೆಕ್ಸ್ ಆಫ್’ ಹಾಕಿ. ಪಕ್ಕದಲ್ಲೇ ಡೇಟಾಬೇಸಿನ ಬ್ಯಾಕಪ್ ‘.ಎಸ್‌ಕ್ಯುಎಲ್’ ಕಡತ ಇದೆಯೇ ಎಂದೂ ನೋಡಿ. ಇಂಥ ಫೋಲ್ಡರುಗಳಲ್ಲಿ ಅದು ಸಿಗುವುದು ಅಪರೂಪವೇನಲ್ಲ.