ಮಾಷ್ಟ್ರಲ್ಲಿ ಕೇಳಿ: ಬೆಟ್ಟ ಸಿಡಿಯುವ ಮೊದಲು ಮನೆ ಬಿಡುವುದು

ಪ್ರಶ್ನೆ: ಮಾಷ್ಟ್ರೇ, 2025ರ ನವೆಂಬರಿನಲ್ಲಿ ಇಥಿಯೋಪಿಯಾದ ಜ್ವಾಲಾಮುಖಿಯ ಬೂದಿ ಬಂತೆಂದು ಗಲ್ಫಿಗೆ ಹೊರಟ ನನ್ನ ಮಗ ಏರ್‌ಪೋರ್ಟಿನಲ್ಲೇ ಕಾದು ಕೂತ. ಅಷ್ಟು ದೂರದ ಬೂದಿಗೇ ಹೀಗಾದರೆ, ಬೆಟ್ಟದ ಬುಡದಲ್ಲೇ ಇರುವವರನ್ನು ಅಲ್ಲಿನ ಸರ್ಕಾರಗಳು ಹೇಗೆ ಕಾಪಾಡುತ್ತವೆ?
– ತಾಯಿಯೊಬ್ಬರು, ಬದಿಯಡ್ಕ

ಉತ್ತರ: ಮಗ ಕಾದು ಕೂತದ್ದು ಒಳ್ಳೆಯದೇ ಆಯಿತು ಅಕ್ಕ. ಅದು ಒಲೆಯ ಬೂದಿಯಲ್ಲ, ಕಲ್ಲು ಮತ್ತು ಗಾಜಿನ ಪುಡಿ. ಜೆಟ್ ಇಂಜಿನ್ನಿನ ಬಿಸಿಗೆ ಕರಗಿ ಒಳಗೆ ಅಂಟಿದರೆ ಇಂಜಿನ್ ನಿಂತೇಬಿಡಬಹುದು. ಬೂದಿ ಎತ್ತ ಸಾಗುತ್ತಿದೆ ಎಂದು ನೋಡಿ ಹೇಳುವುದಕ್ಕೇ ಜಗತ್ತಿನಲ್ಲಿ 9 ಕೇಂದ್ರಗಳಿವೆ. ಹೈಲಿ ಗುಬ್ಬಿ ಎಂಬ ಆ ಬೆಟ್ಟ ಸಿಡಿದದ್ದು ನವೆಂಬರ್ 23ಕ್ಕೆ. ಮರುದಿನ ರಾತ್ರಿ ಬೂದಿ ದೆಹಲಿಯ ಮೇಲಿತ್ತು!

ಇನ್ನು ಬುಡದಲ್ಲಿರುವವರು. ಭೂಮಿಯ ನಡುಕ ಅಳೆಯಲು ಯಂತ್ರಗಳಿವೆ. ಜನರನ್ನು ಹೊತ್ತಿಗೆ ಸರಿಯಾಗಿ ಮನೆಯಿಂದ ಎಬ್ಬಿಸುವುದೇ ಕಷ್ಟ. ನಮ್ಮಲ್ಲೇ ನೋಡಿ. ರೆಡ್ ಅಲರ್ಟ್ ಅಂತ ಕಲೆಕ್ಟರ್ ಶಾಲೆಗೆ ರಜೆ ಕೊಡುತ್ತಾರೆ. ಅವತ್ತೇ ಚುರುಕು ಬಿಸಿಲು ಬಿದ್ದರೆ ಸಂಜೆ ಪೇಟೆಯಲ್ಲಿ ಅದೇ ತಮಾಷೆ. 31 ವರ್ಷ ಭೂಗೋಳ ಕಲಿಸಿದ ನಾನೂ ನಕ್ಕಿದ್ದೇನೆ. ಮುಂದಿನ ಅಲರ್ಟನ್ನು ಯಾರು ನಂಬುತ್ತಾರೆ, ಅಲ್ವಾ?

ಕೊಲಂಬಿಯಾದಲ್ಲಿ 1985ರಲ್ಲಿ ಈ ಅಳುಕಿಗೇ ಒಂದು ಪಟ್ಟಣ ಹೋಯಿತು. ನೆವಾಡೊ ಡೆಲ್ ರುಯಿಸ್ ಸಿಡಿದರೆ ಕೆಸರು ಎಲ್ಲೆಲ್ಲಿ ನುಗ್ಗೀತು ಎಂಬ ನಕ್ಷೆ ಒಂದು ತಿಂಗಳ ಮೊದಲೇ ಸಿದ್ಧವಿತ್ತು. ಆದರೆ ಊರು ಖಾಲಿ ಮಾಡಿಸಿ ಏನೂ ಆಗದಿದ್ದರೆ? ನವೆಂಬರ್ 13ರ ರಾತ್ರಿ ತುದಿಯ ಹಿಮ ಕರಗಿ ಕೆಸರಿನ ಹೊಳೆಯಾಯಿತು. ಅದು ಅರ್ಮೇರೋ ಪಟ್ಟಣ ಮುಟ್ಟಲು ಎರಡು ಗಂಟೆಗೂ ಜಾಸ್ತಿ ಬೇಕಾಯಿತು. ಜನ ನಡೆದೇ ಎತ್ತರದ ಜಾಗಕ್ಕೆ ಹೋಗಬಹುದಿತ್ತು. ಹೊರಡಿ ಎಂದು ಖಡಾಖಂಡಿತವಾಗಿ ಹೇಳುವವರೇ ಇರಲಿಲ್ಲ. ಸುಮಾರು 23,000 ಜನ ಸತ್ತರು.

ಫಿಲಿಪ್ಪೀನ್ಸ್ 1991ರಲ್ಲಿ ಬೇರೆ ದಾರಿ ಹಿಡಿಯಿತು. ಪಿನಾಟುಬೊ ಬೆಟ್ಟ ಸುಮಾರು 500 ವರ್ಷದಿಂದ ಸುಮ್ಮನಿತ್ತು, ಹಾಗಾಗಿ ಯಾರಿಗೂ ನಂಬಿಕೆ ಇಲ್ಲ. ಬೇರೆ ಬೆಟ್ಟಗಳು ಸಿಡಿದ ವಿಡಿಯೋವನ್ನು ಅಧಿಕಾರಿಗಳಿಗೂ ಊರವರಿಗೂ ತೋರಿಸಿದರು. ಎಚ್ಚರಿಕೆಗೆ 1ರಿಂದ 5ರ ತನಕ ಹಂತ ಮಾಡಿದರು. ಹಂತ ಏರಿದ ಹಾಗೆ 10 ಕಿಲೋಮೀಟರ್, 20, ಕೊನೆಗೆ 40 ಕಿಲೋಮೀಟರ್ ಒಳಗಿದ್ದವರು ಹೊರಡಬೇಕು. ಜೂನ್ 15ಕ್ಕೆ ದೊಡ್ಡದಾಗಿ ಸಿಡಿಯುವ ಹೊತ್ತಿಗೆ ಹತ್ತಾರು ಸಾವಿರ ಜನ ದೂರ ಹೋಗಿ ಆಗಿತ್ತು. ಆದರೂ ನೂರಾರು ಜನ ಸತ್ತರು. ಅವತ್ತೇ ಚಂಡಮಾರುತವೂ ಬಂದು, ನೆನೆದ ಬೂದಿಯ ಭಾರಕ್ಕೆ ಮಾಡು ಕುಸಿಯಿತು. ಆಟಿಯ ಮಳೆಗೆ ಹಳೇ ಮುಳಿಹುಲ್ಲಿನ ಮಾಡು ಎಷ್ಟು ಭಾರವಾಗುತ್ತಿತ್ತೆಂದು ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನನಗೆ ಜಾಸ್ತಿ ಇಷ್ಟ ಜಪಾನಿನ ಸಕುರಾಜಿಮಾ ಎಂಬ ಜ್ವಾಲಾಮುಖಿಯ ಊರು. ಅಲ್ಲಿನ ಮಕ್ಕಳು ಹೆಲ್ಮೆಟ್ ಹಾಕಿಕೊಂಡು ಶಾಲೆಗೆ ಹೋಗುತ್ತಾರೆ. ಕಲ್ಲು ಬಿದ್ದರೆ ನುಗ್ಗಲು ರಸ್ತೆ ಬದಿ ಕಾಂಕ್ರೀಟ್ ಗೂಡುಗಳಿವೆ, ನಮ್ಮ ಬಸ್ ಸ್ಟಾಂಡಿನ ಹಾಗೆ. ಅಂಗಳದ ಬೂದಿ ತುಂಬಿಡಲು ನಗರಸಭೆಯೇ ಹಳದಿ ಚೀಲ ಕೊಡುತ್ತದೆ. ಪ್ರತಿ ವರ್ಷ ಊರು ಬಿಡುವ ಅಭ್ಯಾಸ ಮಾಡಿಸುತ್ತಾರೆ. 1914ರ ಜನವರಿಯಲ್ಲಿ ಅಲ್ಲಿ ದೊಡ್ಡ ಸ್ಫೋಟ ಆಗಿತ್ತು. ಆಗ ಬಾವಿ ನೀರು ಬಿಸಿಯಾಗಿ, ನೆಲ ನಡುಗಿ, ಊರವರು ಹವಾಮಾನ ಕಚೇರಿಯನ್ನು ಕೇಳಿದ್ದರು. ಸಿಡಿಯುವುದಿಲ್ಲ ಎಂಬ ಉತ್ತರ ಬಂತು. ಅದನ್ನು ನಂಬಿ ಉಳಿದವರಲ್ಲಿ ಕೆಲವರು ಸತ್ತರು. ಶಾಸ್ತ್ರವನ್ನೇ ನಂಬಿ ಕೂರಬೇಡಿ, ಲಕ್ಷಣ ಕಂಡರೆ ಹೊರಡಿ ಎಂಬ ಅರ್ಥದ ಮಾತನ್ನು ಕೆತ್ತಿಸಿ ಊರವರು ಕಲ್ಲು ನೆಟ್ಟರು. ಅದನ್ನು ನೆಟ್ಟದ್ದು ಶಾಲೆಯ ಅಂಗಳದಲ್ಲೇ. ಸರ್ಕಾರದ ತಪ್ಪನ್ನು ಮಕ್ಕಳು ದಿನಾ ನೋಡುವಲ್ಲಿ ಇಟ್ಟರು, ನೋಡಿ. ನಮ್ಮಲ್ಲಾದರೆ ಅದಕ್ಕೆ ಬಣ್ಣ ಬಳಿದಾಗಿರುತ್ತಿತ್ತು.

ಪ್ರಶ್ನೆ: ನಮ್ಮ ಮುರಕಲ್ಲಿನ ತುಂಬ ತೂತು. ಇಲ್ಲೂ ಹಿಂದೆ ಲಾವಾ ಹರಿದಿತ್ತೇ?
– ಎಂಟನೇ ತರಗತಿಯ ಹುಡುಗ, ಪೈವಳಿಕೆ

ಉತ್ತರ: ಇಲ್ಲ ಮಗಾ. ಮಳೆ, ಬಿಸಿಲು ಬಂಡೆಯನ್ನು ಬಹಳ ಕಾಲ ತಿಂದು, ಕಬ್ಬಿಣದ ಅಂಶ ಉಳಿದು ಆದ ಕಲ್ಲು ಅದು. ಭಾರತದಲ್ಲಿ ಈಗಲೂ ಸಿಡಿಯುವ ಜ್ವಾಲಾಮುಖಿ ಅಂಡಮಾನಿನ ಬ್ಯಾರನ್ ದ್ವೀಪ ಒಂದೇ, ಅಲ್ಲಿ ಜನವಸತಿ ಇಲ್ಲ. ಧೈರ್ಯವಾಗಿ ಗುಡ್ಡ ಹತ್ತು. ತುಲಾ ತಿಂಗಳ ಸಂಜೆ ಗುಡುಗು ಕೇಳಿಸಿದರೆ ಮಾತ್ರ ಓಡಿ ಮನೆಗೆ ಬಾ.