ಮಗಳು ಕೆಲಸ ಬಿಟ್ಟು ಓಡುತ್ತೇನೆ ಅಂತಿದ್ದಾಳೆ

ಪ್ರಶ್ನೆ: ಮಗಳಿಗೆ 24 ವರ್ಷ. ಕೆಲಸ ಬಿಟ್ಟು ಮ್ಯಾರಥಾನ್‌ಗೆ ಇಳಿಯುತ್ತಾಳಂತೆ. ತಡವಾಯಿತಲ್ವಾ? ಅಪ್ಪನಾಗಿ ನಾನೇನು ಮಾಡಲಿ?

ಉತ್ತರ: ತಡವೇನೂ ಆಗಿಲ್ಲ. ದೂರದ ಓಟಕ್ಕೆ ದೇಹ ಪಳಗೋಕೇ ವರ್ಷಗಳು ಬೇಕು. ಕೀನ್ಯಾದ ಓಟಗಾರ ಎಲಿಯುಡ್ ಕಿಪ್ಚೋಗೆ ಅವರು 2012ರ ಒಲಿಂಪಿಕ್ಸ್ ತಂಡದಲ್ಲಿ ಜಾಗ ಸಿಗದೆ, ಮರುವರ್ಷ ಮ್ಯಾರಥಾನ್‌ಗೆ ಬಂದು, 2016ರ ಒಲಿಂಪಿಕ್ಸ್‌ನಲ್ಲಿ 31ನೇ ವಯಸ್ಸಿಗೆ ಚಿನ್ನ ಗೆದ್ದರು. ಅವರು ಅದಕ್ಕೂ ಮೊದಲೇ ಟ್ರ್ಯಾಕ್‌ನಲ್ಲಿ ವಿಶ್ವ ಚಾಂಪಿಯನ್ ಆಗಿದ್ದವರು, ನಿಜ. ಆದರೆ ವಯಸ್ಸು ಅಡ್ಡಿಯಲ್ಲ.

ದುಡ್ಡಿನ ಮಾತು ಮೊದಲೇ ಬಿಚ್ಚಿ ಆಡಿ. ಎಷ್ಟು ಕೊಡಬಲ್ಲಿರಿ, ಎಲ್ಲಿಯವರೆಗೆ ಅಂತ ಹೇಳಿಬಿಡಿ. ಗುರಿ ಮತ್ತು ಗಡುವು ಮಾತ್ರ ಅವಳೇ ಹಾಕಿಕೊಳ್ಳಲಿ, ದೊಡ್ಡವಳಾಗಿದ್ದಾಳೆ.

ನೀವು ನಿಜಕ್ಕೂ ಕಣ್ಣಿಡಬೇಕಾದ್ದು ಊಟ, ನಿದ್ದೆಯ ಮೇಲೆ. ಓಟ ಜಾಸ್ತಿಯಾಗಿ ಊಟ ಸಾಲದಿದ್ದರೆ ಮುಟ್ಟು ತಪ್ಪುತ್ತದೆ, ಮೂಳೆ ಸವೆದು ಸಣ್ಣ ಬಿರುಕು ಬಿಡುತ್ತದೆ, ಎಷ್ಟೋ ಹುಡುಗಿಯರು ಇದನ್ನು ಸಾಮಾನ್ಯ ಅಂದುಕೊಂಡು ಸುಮ್ನೆ ಓಡುತ್ತಲೇ ಇರುತ್ತಾರೆ. ಅದು ಸಾಮಾನ್ಯ ಅಲ್ಲ. ಮುಟ್ಟು ನಿಂತರೆ, ಮೊಣಕಾಲ ಕೆಳಗೆ ಒಂದೇ ಜಾಗದಲ್ಲಿ ಒತ್ತಿದರೆ ನೋವಾದರೆ, ಕ್ರೀಡಾ ವೈದ್ಯರಿಗೆ ತೋರಿಸಿ. ಈ ವಿಷಯ ನಿಮ್ಮ ಹತ್ತಿರ ಹೇಳೋಕೆ ಅವಳಿಗೆ ಮುಜುಗರವಾದರೆ ಅಮ್ಮ ಕೇಳಲಿ.

ರೇಸ್ ಮುಗಿಸಿ ಬಂದ ತಕ್ಷಣ ಟೈಮಿಂಗ್ ಕೇಳಬೇಡಿ. ಅವಳಾಗೇ ಹೇಳುತ್ತಾಳೆ.