ನಳದ ಕೆಳಗೆ ಒಂದು ಬಕೆಟ್ ಇಡಿ

ಓದುಗರ ಪತ್ರ

ಮಾನ್ಯ ಸಂಪಾದಕರಿಗೆ ನಮಸ್ಕಾರ. ನಾನು ಶಹಾಪುರ ತಾಲೂಕಿನ ಹಳ್ಳಿಯವಳು. ಕಲಬುರಗಿಯಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಕೊಳವೆಬಾವಿ ನೀರಿನ ಫ್ಲೋರೈಡ್ ನನ್ನ ವಿಷಯ. ನಮ್ಮ ಲ್ಯಾಬ್‌ನಲ್ಲಿ ಡಿಸ್ಟಿಲ್ಡ್ ವಾಟರ್ ಮಾಡಲು ದಿನವಿಡೀ ನಳ ಬಿಟ್ಟಿರುತ್ತಾರೆ. ಆ ನೀರೆಲ್ಲ ಮೋರಿಗೆ ಹೋಗುತ್ತದೆ. ಊರಲ್ಲಿ ನಮ್ಮವ್ವ ಬೇಸಿಗೆಯಲ್ಲಿ ಎರಡು ಕೊಡ ನೀರಿಗೆ ಪಾಳಿ ಹಚ್ಚುತ್ತಾಳೆ. ಸಿಂಕಿಗೆ ಆ್ಯಸಿಡ್, ಬಣ್ಣ, ಏನೇನೋ ಸುರಿಯುತ್ತಾರೆ. ಪಕ್ಕದ ವಿಭಾಗದ ಡೀಪ್ ಫ್ರೀಜರ್‌ನಲ್ಲಿ ಯಾರದೆಂದೇ ಗೊತ್ತಿಲ್ಲದ ಡಬ್ಬಿಗಳು ತುಂಬಿವೆ. ಪರಿಸರದ ಮೇಲೆ ಸಂಶೋಧನೆ ಮಾಡುವವರೇ ಹೀಗೆ ಮಾಡಿದರೆ ಹೇಗೆ? ಗೈಡ್ ಸರ್‌ಗೆ ಹೇಳಿದರೆ "ಮೊದಲು ಥೀಸಿಸ್ ಮುಗಿಸವ್ವ, ಪರಿಸರ ಆಮ್ಯಾಲೆ ನೋಡೋಣ" ಅಂದರು. ನಾನೊಬ್ಬಳು ಸ್ಕಾಲರ್, ನನ್ನಿಂದ ಏನಾದೀತು? ಇನ್ನೊಂದು ಪ್ರಶ್ನೆ: ಪಿಪೆಟ್ ಟಿಪ್ಸ್, ಅಂದರೆ ದ್ರಾವಣ ಅಳೆದು ಹಾಕುವ ಪಿಪೆಟ್ಟಿನ ತುದಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಮೊನೆಗಳನ್ನು ತೊಳೆದು ಮತ್ತೆ ಬಳಸಿದರೆ ತಪ್ಪೇ?

(ಹೆಸರು ಹಾಕಬೇಡಿ ಎಂದಿದ್ದಾರೆ)

ಸಂಪಾದಕರ ಉತ್ತರ

ತಂಗಿ, ಟಿಪ್ಸ್ ವಿಚಾರ ಕೊನೆಗೆ ಹೇಳುತ್ತೇನೆ. ಮೊದಲು ನಳದ ಮಾತು. ಅವ್ವನ ಕೊಡ, ಲ್ಯಾಬಿನ ಮೋರಿ, ಎರಡನ್ನೂ ಒಂದೇ ಪತ್ರದಲ್ಲಿ ಬರೆದಿದ್ದೀರಿ. ಓದಿದ ಮೇಲೆ ಸುಮ್ನೆ ಕೂರಲು ಆಗಲಿಲ್ಲ. ಅದೇ ವಾರ ಇಲ್ಲಿನ ಒಂದು ಕಾಲೇಜಿನ ಕೆಮಿಸ್ಟ್ರಿ ಲ್ಯಾಬ್‌ಗೆ ಹೋದೆ. ಜೊತೆಗೆ ಮನೆಯಿಂದ 15 ಲೀಟರಿನ ಬಕೆಟ್ ಒಯ್ದಿದ್ದೆ.

ಮೂಲೆಯಲ್ಲಿ ಡಿಸ್ಟಿಲೇಷನ್ ಯಂತ್ರ ನಡೆದಿತ್ತು. ಒಂದು ರಬ್ಬರ್ ಪೈಪಿನಿಂದ ನಳದ ನೀರು ಗಾಜಿನ ಕಂಡೆನ್ಸರ್, ಅಂದರೆ ಆವಿಯನ್ನು ತಣಿಸಿ ನೀರು ಮಾಡುವ ಕೊಳವೆಯ ಒಳಗೆ ಹೋಗುತ್ತದೆ. ಇನ್ನೊಂದು ಪೈಪಿನಿಂದ ಹೊರಬಂದು ಮೋರಿಗೆ ಬೀಳುತ್ತದೆ. ವರ್ಷಗಟ್ಟಲೆ ಬಿದ್ದು ಬಿದ್ದು ಆ ಜಾಗದ ಶಹಾಬಾದ್ ಕಲ್ಲಿನ ಮೇಲೆ ಸುಣ್ಣದ ಬಿಳಿ ಪದರ ಕಟ್ಟಿದೆ. ಅಟೆಂಡರ್ ಅಣ್ಣ ಪೈಪ್ ಎತ್ತಿ ನನ್ನ ಬಕೆಟ್‌ಗೆ ಬಿಟ್ಟರು. ಮೊಬೈಲ್‌ನಲ್ಲಿ ಟೈಮ್ ಹಚ್ಚಿದೆ. 12 ನಿಮಿಷಕ್ಕೆ ಬಕೆಟ್ ತುಂಬಿತು. ಅಷ್ಟೊತ್ತಿಗೆ ಕ್ಯಾನಿಗೆ ಬಿದ್ದ ಡಿಸ್ಟಿಲ್ಡ್ ವಾಟರ್ ಅಳೆದರೆ 800 ಮಿಲಿಲೀಟರ್. ಅಂದರೆ ಒಂದು ಲೀಟರ್ ಶುದ್ಧ ನೀರಿಗೆ ಹೆಚ್ಚುಕಡಿಮೆ 19 ಲೀಟರ್ ಮೋರಿಗೆ. "ಮುಂಜಾನೆ ಹತ್ತಕ್ಕ ಹಚ್ಚಿದ್ರ ಸಂಜೀ ನಾಕಕ್ಕ ಬಂದ್ ಮಾಡ್ತೀವ್ರಿ" ಅಂದರು ಅಣ್ಣ. ಆರು ಗಂಟೆ, 30 ಬಕೆಟ್, 450 ಲೀಟರ್.

ಯಂತ್ರ ಕೆಟ್ಟಿದೆ ಅಂದುಕೊಳ್ಳಬೇಡಿ. ಅದು ಕೆಲಸ ಮಾಡುವ ರೀತಿಯೇ ಹಾಗೆ. ಒಂದು ಕೆಜಿ ಆವಿ ಮತ್ತೆ ನೀರಾಗುವಾಗ ಸುಮಾರು 2,260 ಕಿಲೋಜೂಲ್ ಶಾಖ ಬಿಡುತ್ತದೆ. ಒಂದು ಲೀಟರ್ ನಳದ ನೀರಿನ ಬಿಸಿ 30 ಡಿಗ್ರಿಯಷ್ಟು ಏರಿದರೆ ಹೊರುವುದು ಬರೀ 125 ಕಿಲೋಜೂಲ್. ಭಾಗಿಸಿ ನೋಡಿ, 18 ಲೀಟರ್ ಬೇಕೇ ಬೇಕು. ಬಕೆಟ್ ಹೇಳಿದ ಲೆಕ್ಕವೂ ಪುಸ್ತಕದ ಲೆಕ್ಕವೂ ಕೂಡಿ ಬಂತು. ಕರೆಂಟೂ ಅಷ್ಟೇ. ಒಂದು ಲೀಟರ್ ನೀರು ಕಾಯಿಸಿ ಆವಿ ಮಾಡಲು ಮುಕ್ಕಾಲು ಯೂನಿಟ್ ಹತ್ತಿರ ಬೇಕು. ಹೀಟರ್ ರಾಡ್ ಮೇಲೆ ಸುಣ್ಣ ಕಟ್ಟಿದ್ದರೆ ಕಾಯುವುದು ತಡವಾಗುತ್ತದೆ, ರಾಡೂ ಬೇಗ ಸುಟ್ಟುಹೋಗುತ್ತದೆ. ನಮ್ಮ ಕಡೆಯ ಗಡಸು ನೀರಿಗೆ ಆ ರಾಡ್ ಆಗಾಗ ತೊಳೆಯಬೇಕು. ಸಿಟ್ರಿಕ್ ಆ್ಯಸಿಡ್ ಸಾಕು.

ಹಾಗಾದರೆ ಏನು ಮಾಡೋದು? ಮೊದಲನೆಯದು, ಮೋರಿಗೆ ಹೋಗುವ ಆ ನೀರು ಕೊಳೆ ನೀರಲ್ಲ. ಯಾವ ಕೆಮಿಕಲ್ಲೂ ಅದನ್ನು ಮುಟ್ಟಿಲ್ಲ. ನಳದ ನೀರೇ ಬಿಸಿಯಾಗಿ ಬಂದಿದೆ, ಅಷ್ಟೇ. ಪೈಪ್ ಉದ್ದ ಮಾಡಿ ಒಂದು ಡ್ರಮ್‌ಗೆ ಬಿಡಿ. ಸೋಪು ಹಾಕಿ ಗ್ಲಾಸ್‌ವೇರ್ ತೊಳೆಯಲು ಬಿಸಿನೀರಿಗಿಂತ ಒಳ್ಳೆಯದು ಯಾವುದಿದೆ? ಉಳಿದದ್ದು ಆರಿದ ಮೇಲೆ ಗಿಡಕ್ಕೆ, ಟಾಯ್ಲೆಟ್‌ಗೆ ಆಗುತ್ತದೆ.

ಎರಡನೆಯದು ಇನ್ನೂ ಮುಖ್ಯ. ಡಿಸ್ಟಿಲ್ಡ್ ವಾಟರ್ ಖರ್ಚೇ ಕಡಿಮೆ ಮಾಡಿ. ಬೀಕರ್ ತುಂಬ ಡಿಸ್ಟಿಲ್ಡ್ ವಾಟರ್ ಸುರಿದು ಒಮ್ಮೆ ಚೆಲ್ಲುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಲೆಕ್ಕ ಹಾಕಿ. ಪಾತ್ರೆಗೆ 1 ಮಿಲಿ ದ್ರಾವಣ ಅಂಟಿಕೊಂಡಿದೆ ಅನ್ನಿ. 30 ಮಿಲಿ ನೀರಿನಲ್ಲಿ ಒಂದೇ ಸಲ ಜಾಲಿಸಿದರೆ ಅದರಲ್ಲಿ 31ರಲ್ಲೊಂದು ಪಾಲು ಉಳಿಯುತ್ತದೆ. ಅದೇ 30 ಮಿಲಿಯನ್ನು ಹತ್ತು ಹತ್ತರಂತೆ ಮೂರು ಸಲ ಹಾಕಿ ಜಾಲಿಸಿದರೆ ಉಳಿಯುವುದು 1,331ರಲ್ಲೊಂದು ಪಾಲು. ನೀರು ಅಷ್ಟೇ, ಪಾತ್ರೆ ನಲವತ್ತು ಪಟ್ಟು ಹೆಚ್ಚು ಸ್ವಚ್ಛ. ಮೊದಲ ತೊಳೆತಕ್ಕೆಲ್ಲ ಡ್ರಮ್ಮಿನ ನೀರು, ಕೊನೆಯ ಮೂರು ಜಾಲಿಕೆಗೆ ಮಾತ್ರ ವಾಷ್ ಬಾಟಲಿನ ಡಿಸ್ಟಿಲ್ಡ್ ವಾಟರ್. ಇದಕ್ಕೆ ಯಾರ ಪರ್ಮಿಷನ್ನೂ ಬೇಡ, ಅಲ್ವಾ?

ನಿಮ್ಮ ಗೆಳತಿಯರು ಯಾರಾದರೂ ಗಿಡಮೂಲಿಕೆ ಮೇಲೆ ಕೆಲಸ ಮಾಡುತ್ತಿದ್ದರೆ ಅವರಿಗೂ ಒಂದು ಮಾತು ಹೇಳಿ. ಕುದಿಯುವ ಸಾಲ್ವೆಂಟ್‌ನಿಂದ (ಎಥನಾಲ್‌ನಂಥ ಕರಗಿಸುವ ದ್ರವ) ಗಿಡದ ಸಾರ ತೆಗೆಯುವ ಸಾಕ್ಸ್‌ಲೆಟ್ ಉಪಕರಣ ಹಚ್ಚಿ ಎಂಟು ತಾಸು ನಳ ಬಿಟ್ಟರೆ, ನಿಮಿಷಕ್ಕೆ ಒಂದು ಲೀಟರ್ ಅಂದರೂ 480 ಲೀಟರ್ ಹೋಗುತ್ತದೆ. ಅದಕ್ಕೆ ಉಪಾಯ ನಮ್ಮೂರ ಪ್ರತಿ ಮನೆಯಲ್ಲೂ ಇದೆ. ಏರ್ ಕೂಲರ್ ಒಳಗಿನ ಪುಟ್ಟ ಪಂಪ್! ನೂರು ಲೀಟರಿನ ಡ್ರಮ್ಮಿನಲ್ಲಿ ಅದನ್ನು ಮುಳುಗಿಸಿ, ಪೈಪನ್ನು ಕಂಡೆನ್ಸರ್‌ಗೆ ಕೊಡಿ, ಹೊರಬರುವ ನೀರು ಮತ್ತೆ ಅದೇ ಡ್ರಮ್ಮಿಗೆ ಬೀಳಲಿ. ಅದೇ ನೂರು ಲೀಟರ್ ದಿನವೆಲ್ಲ ಸುತ್ತುತ್ತದೆ. ನೀರು ಬಿಸಿಯಾಗತೊಡಗಿದರೆ ಫ್ರಿಜ್‌ನಲ್ಲಿ ಗಡ್ಡೆ ಕಟ್ಟಿಸಿದ ಎರಡು ನೀರಿನ ಬಾಟಲಿ ಅದರೊಳಗೆ ಬಿಡಿ.

ಇಲ್ಲಿ ಎಚ್ಚರಿಕೆಯೂ ಬೇಕು. ಪೈಪಿಗೆ ಕ್ಲಿಪ್ ಹಾಕದೆ ಬಿಡಬೇಡಿ, ಕಳಚಿದರೆ ಲ್ಯಾಬೆಲ್ಲ ನೀರು. ಪಂಪ್ ಮತ್ತು ಹೀಟಿಂಗ್ ಮ್ಯಾಂಟಲ್ (ಫ್ಲಾಸ್ಕ್ ಕಾಯಿಸುವ ಒಲೆ) ಎರಡನ್ನೂ ಒಂದೇ ಸ್ವಿಚ್ ಬೋರ್ಡಿಗೆ ಕೊಡಿ. ಕರೆಂಟ್ ಹೋದರೆ ಎರಡೂ ಒಟ್ಟಿಗೆ ನಿಲ್ಲಬೇಕು. ಪಂಪ್ ಒಂದೇ ಕೆಟ್ಟು ನಿಂತರೆ ಸಾಲ್ವೆಂಟ್ ಆವಿ ಕೋಣೆಗೆ ಬರುತ್ತದೆ, ಹಾಗಾಗಿ ಹಚ್ಚಿಟ್ಟು ಹಾಸ್ಟೆಲ್‌ಗೆ ಹೋಗಬೇಡಿ. ಎಥನಾಲ್ 78 ಡಿಗ್ರಿಗೆ, ಮೆಥನಾಲ್ 65ಕ್ಕೆ ಕುದಿಯುತ್ತದೆ, ಅವು ಡ್ರಮ್ ನೀರಿಗೇ ತಣಿಯುತ್ತವೆ. ಈಥರ್ ಕುದಿಯುವುದು 35 ಡಿಗ್ರಿಗೂ ಮೊದಲೇ. ಕಲಬುರಗಿಯ ಮೇ ತಿಂಗಳಲ್ಲಿ ಮಾಳಿಗೆ ಟ್ಯಾಂಕಿನ ನೀರೇ ಅದಕ್ಕಿಂತ ಬಿಸಿ ಇರುತ್ತದೆ. ಆಗ ಈಥರ್‌ಗೆ ನಳದ ನೀರನ್ನೂ ನಂಬಬೇಡಿ, ಬರೀ ಡ್ರಮ್ ನೀರನ್ನೂ ನಂಬಬೇಡಿ. ಐಸ್ ಬೇಕೇ ಬೇಕು, ಇಲ್ಲವಾದರೆ ಕೆಲಸವನ್ನು ಮಳೆಗಾಲಕ್ಕೆ ಇಟ್ಟುಕೊಳ್ಳಿ.

ಇನ್ನು ಸಿಂಕು. ಇದರ ಬಗ್ಗೆ ಬರೆಯುವಾಗ ನನಗೆ ಈಗಲೂ ಸಂಕಟವಾಗುತ್ತದೆ. ನಾನು ಎಂ.ಎಸ್ಸಿ. ಓದುವಾಗ ನಮ್ಮ ಲ್ಯಾಬ್‌ನಲ್ಲಿ ಗ್ಲಾಸ್‌ವೇರ್ ತೊಳೆಯಲು ಎಲ್ಲಕ್ಕೂ ಕ್ರೋಮಿಯಂ ಇರುವ ಕ್ರೋಮಿಕ್ ಆ್ಯಸಿಡ್. ಕಿತ್ತಳೆ ಬಣ್ಣದ ಆ ದ್ರಾವಣ ಹಸಿರಾದ ಮೇಲೆ ಸೀದಾ ಸಿಂಕಿಗೆ. ಪೈಪು ಹಿಂದಿನ ಖಾಲಿ ಜಾಗಕ್ಕೆ ಹೋಗಿ ನಿಲ್ಲುತ್ತಿತ್ತು. ಅಲ್ಲಿ ಎಮ್ಮೆಗಳು ಮೇಯುತ್ತಿದ್ದವು. ಯಾರೂ ತಡೆಯಲಿಲ್ಲ. ನಾನೂ ಕೇಳಲಿಲ್ಲ. ಕುಡಿಯುವ ನೀರಿನಲ್ಲಿ ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ದಾಟಬಾರದು ಎಂದು ನಮ್ಮ ದೇಶದ ಮಾನಕ ಹೇಳುತ್ತದೆ. ಅಂದರೆ ಒಂದೇ ಒಂದು ಗ್ರಾಂ ಕ್ರೋಮಿಯಂ 20,000 ಲೀಟರ್ ನೀರನ್ನು ಆ ಗಡಿಗೆ ತಂದು ನಿಲ್ಲಿಸುತ್ತದೆ. 5,000 ಲೀಟರಿನ ನಾಲ್ಕು ಟ್ಯಾಂಕರ್. ಬೇಸಿಗೆಯಲ್ಲಿ ಓಣಿಗೆ ಬರುವ ಟ್ಯಾಂಕರ್ ನೆನಪಿಸಿಕೊಳ್ಳಿ.

ದಿನದ ತೊಳೆತಕ್ಕೆ ಕ್ರೋಮಿಕ್ ಆ್ಯಸಿಡ್ ಬೇಕಾಗಿಯೇ ಇಲ್ಲ. ಲ್ಯಾಬ್ ಡಿಟರ್ಜೆಂಟ್, ಬಿಸಿನೀರು, ಬ್ರಷ್ ಸಾಕು. ರಾತ್ರಿಯಿಡೀ ನೆನೆಯಲು ಬಿಟ್ಟರೆ ಹಟಮಾರಿ ಕಲೆಯೂ ಬಿಡುತ್ತದೆ. ನಿಮ್ಮ ಫ್ಲೋರೈಡ್ ಕೆಲಸದಲ್ಲೂ ಒಂದು ವಿಷಯವಿದೆ. ಬಣ್ಣದ ಬದಲಾವಣೆಯಿಂದ ಫ್ಲೋರೈಡ್ ಅಳೆಯುವ ಸ್ಪ್ಯಾಡ್ನ್ಸ್ ವಿಧಾನದಲ್ಲಿ ಮಾಡುತ್ತಿದ್ದರೆ ಗಮನಿಸಿ. ಆ ವಿಧಾನದಲ್ಲಿ ಆರ್ಸೆನಿಕ್ ಇರುವ ಸೋಡಿಯಂ ಆರ್ಸೆನೈಟ್ ಒಂದೊಂದು ಹನಿ ಹಾಕುವುದು ನೀರಿನಲ್ಲಿ ಉಳಿದ ಕ್ಲೋರಿನ್ ತೆಗೆಯಲು. ಹಳ್ಳಿಯ ಕೊಳವೆಬಾವಿಯಿಂದ ಸೀದಾ ತಂದ ನೀರಿನಲ್ಲಿ ಕ್ಲೋರಿನ್ ಎಲ್ಲಿಂದ ಬರಬೇಕು? ಮೊದಲು ಕ್ಲೋರಿನ್ ಇದೆಯೋ ಇಲ್ಲವೋ ನೋಡಿ, ಇಲ್ಲದಿದ್ದರೆ ಆ ಹನಿ ಬೇಡ. ಯಾದಗಿರಿ ಜಿಲ್ಲೆಯ ಸುರಪುರ ಕಡೆಯ ತಾಂಡಾಗಳಲ್ಲಿ ಬಾವಿ ನೀರಿನ ಆರ್ಸೆನಿಕ್‌ನಿಂದ ಜನ ಎಷ್ಟು ನೊಂದಿದ್ದಾರೆ ಎಂದು ನಿಮಗೆ ಹೇಳಬೇಕಾಗಿಲ್ಲ. ಅಮೆರಿಕದ ರಸಾಯನಶಾಸ್ತ್ರಜ್ಞರಾದ ಪಾಲ್ ಅನಾಸ್ಟಸ್ ಮತ್ತು ಜಾನ್ ವಾರ್ನರ್ 1998ರಲ್ಲಿ ಹಸಿರು ರಸಾಯನಶಾಸ್ತ್ರದ 12 ಸೂತ್ರ ಬರೆದರು. ಅದರಲ್ಲಿ ಮೊದಲನೆಯದೇ ಇದು: ಕಸ ಹುಟ್ಟಿದ ಮೇಲೆ ಶುದ್ಧ ಮಾಡುವುದಕ್ಕಿಂತ ಹುಟ್ಟದಂತೆ ನೋಡಿಕೊಳ್ಳುವುದು ಒಳ್ಳೆಯದು.

ಹುಟ್ಟುವ ಮೊದಲೇ ಕಸವಾಗುವ ವಸ್ತುಗಳೂ ಇವೆ. ಮಾರ್ಚ್ ತಿಂಗಳ ಖರೀದಿ. ಪ್ರಾಜೆಕ್ಟ್ ದುಡ್ಡು 31ರೊಳಗೆ ಖರ್ಚಾಗಬೇಕು ಎಂದು 25 ಗ್ರಾಂ ಬೇಕಾದಲ್ಲಿ 500 ಗ್ರಾಂ ಬಾಟಲಿ ತರಿಸುತ್ತಾರೆ. ಅದೇ ಬಾಟಲಿ ಪಕ್ಕದ ಕೋಣೆಯ ಕಪಾಟಿನಲ್ಲೂ ಇರುತ್ತದೆ. ಯಾರಿಗೂ ಗೊತ್ತಿರುವುದಿಲ್ಲ. ಹತ್ತು ವರ್ಷದ ನಂತರ ಲೇಬಲ್ ಉದುರಿದ ಬಾಟಲಿಯನ್ನು ಎಲ್ಲಿ ಹಾಕಬೇಕೆಂದು ಯಾರಿಗೂ ತಿಳಿಯುವುದಿಲ್ಲ. ವಿಭಾಗಕ್ಕೆಲ್ಲ ಒಂದೇ ಸ್ಟಾಕ್ ರಿಜಿಸ್ಟರ್ ಇದ್ದು, ಖರೀದಿಗೆ ಮುಂಚೆ ಅದನ್ನು ತೆರೆದು ನೋಡುವ ರೂಢಿ ಬಂದರೆ ಅರ್ಧ ಸಮಸ್ಯೆ ಕಡಿಮೆಯಾಗುತ್ತದೆ. ಇದು ಸ್ಕಾಲರ್ ಕೈಯಲ್ಲಿಲ್ಲ, ಎಚ್‌ಒಡಿ ಮನಸ್ಸು ಮಾಡಬೇಕು. ಇದನ್ನು ಓದುತ್ತಿರುವ ವಿಭಾಗದ ಮುಖ್ಯಸ್ಥರಿಗೆ ನನ್ನ ನೇರ ವಿನಂತಿ: ಈ ಮಾರ್ಚ್‌ಗೆ ಮುಂಚೆ ಆ ರಿಜಿಸ್ಟರ್ ಮಾಡಿಸಿ.

ಫ್ರೀಜರ್ ಬಗ್ಗೆ ಕೇಳಿದ್ದೀರಿ. ಮೈನಸ್ 80 ಡಿಗ್ರಿಯ ಹಳೆಯ ಫ್ರೀಜರ್ ದಿನಕ್ಕೆ 20 ಯೂನಿಟ್ ಹತ್ತಿರ ತಿನ್ನಬಲ್ಲದು. ಅದನ್ನು ಮೈನಸ್ 70ಕ್ಕೆ ಇಟ್ಟರೆ ಕರೆಂಟ್ ಸುಮಾರು ಶೇ. 30ರಷ್ಟು ಉಳಿಯುತ್ತದೆ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಬೌಲ್ಡರ್ ಕ್ಯಾಂಪಸ್ಸಿನ ಎಷ್ಟೋ ಲ್ಯಾಬ್‌ಗಳು ವರ್ಷಗಳಿಂದ ಮೈನಸ್ 70ರಲ್ಲೇ ಸ್ಯಾಂಪಲ್ ಇಟ್ಟುಕೊಂಡು ಬಂದಿವೆ. ನಮ್ಮಲ್ಲಿ ಕರೆಂಟ್ ಹೋಗುವ ಭಯ ಜಾಸ್ತಿ, ಅದು ನಿಜ. ಹತ್ತು ಡಿಗ್ರಿ ತಣ್ಣಗಿದ್ದರೆ ಒಂದಿಷ್ಟು ಹೊತ್ತು ಜಾಸ್ತಿ ತಡೆಯುತ್ತದೆ ಎನ್ನುವವರ ಮಾತನ್ನು ತಳ್ಳಿಹಾಕಲಾರೆ. ಆದರೆ ಈ ಫ್ರೀಜರ್‌ಗಳಿಗೆ ನಮ್ಮೂರಿನ ದೊಡ್ಡ ಶತ್ರು ಧೂಳು ಮತ್ತು ಸೆಕೆ. ಶಾಖ ಹೊರಬಿಡುವ ಭಾಗದ (ಇದಕ್ಕೂ ಕಂಡೆನ್ಸರ್ ಅಂತಲೇ ಹೆಸರು) ಫಿಲ್ಟರ್‌ನಲ್ಲಿ ಧೂಳು ಕಟ್ಟಿ, ಬಾಗಿಲ ಸುತ್ತ ಹಿಮ ಕಟ್ಟಿ, ಬಿಸಿ ವರಾಂಡದಲ್ಲಿ ನಿಂತಿರುವ ಫ್ರೀಜರ್ ಏಪ್ರಿಲ್‌ನಲ್ಲಿ ಉಸಿರು ಕಟ್ಟಿದಂತೆ ಒದ್ದಾಡುತ್ತದೆ. ಫಿಲ್ಟರ್ ತಿಂಗಳಿಗೊಮ್ಮೆ ಜಾಡಿಸಿ, ಹಿಮ ಕೆರೆದು ತೆಗೆಯಲಿ. ಯಾರದೆಂದು ಗೊತ್ತಿಲ್ಲದ ಡಬ್ಬಿಗಳ ಪಟ್ಟಿ ಮಾಡಿ ಬಾಗಿಲಿಗೆ ಅಂಟಿಸಿ, ಹಳೆಯ ಸ್ಕಾಲರ್‌ಗಳಿಗೆ ಫೋನ್ ಮಾಡಿ ಕೇಳಲಿ. ಇದು ಅವರ ಸ್ಯಾಂಪಲ್‌ಗಳ ಒಳ್ಳೆಯದಕ್ಕೇ.

ಗೈಡ್ ಸರ್ ಮಾತಿಗೆ ಬರುತ್ತೇನೆ. ಅವರ ಮೇಲೆ ಬೇಸರ ಬೇಡ. ಥೀಸಿಸ್ ಮುಗಿಯಲಿ ಅನ್ನುವುದು ನಿಮ್ಮ ಮೇಲಿನ ಕಾಳಜಿಯೇ. ಆದರೆ ನೀವು ಹಳ್ಳಿಯ ನೀರಿನಲ್ಲಿ ಫ್ಲೋರೈಡನ್ನು ದಶಾಂಶ ಚುಕ್ಕೆಯ ತನಕ ಅಳೆಯುವವರು. ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟಿತೋ ಇಲ್ಲವೋ ಎಂದು ಮೂರು ಸಲ ರೀಡಿಂಗ್ ತೆಗೆಯುವವರು. ಅದೇ ಶ್ರದ್ಧೆಯಿಂದ ಲ್ಯಾಬಿನ ನಳವನ್ನೂ ಅಳೆಯಿರಿ. ಇಂಗ್ಲೆಂಡಿನ ಎಕ್ಸಿಟರ್ ವಿಶ್ವವಿದ್ಯಾಲಯದಲ್ಲೂ ಮೊದಲು ಮಾಡಿದ್ದು ಇದನ್ನೇ. ತಮ್ಮ ಜೀವವಿಜ್ಞಾನ ವಿಭಾಗದ 280 ಸಂಶೋಧಕರ ಪ್ಲಾಸ್ಟಿಕ್ ಕಸದ ಲೆಕ್ಕ ಹಾಕಿದರು. 2014ರ ಒಂದೇ ವರ್ಷಕ್ಕೆ 267 ಟನ್ ಎಂದು ಬಂತು. ಒಬ್ಬೊಬ್ಬರಿಗೆ ಹೆಚ್ಚುಕಡಿಮೆ ಒಂದು ಟನ್! ಆ ಅಂಕಿ 2015ರಲ್ಲಿ ಹೊರಬಂತು. ನೀವೂ ಒಂದು ವಾರ ಬಕೆಟ್ ಇಟ್ಟು ಅಳೆದು, ಒಂದು ಹಾಳೆಯಲ್ಲಿ ಬರೆದು, ಸರ್ ಟೇಬಲ್ ಮೇಲೆ ಇಡಿ. ದಿನಕ್ಕೆ ಎಷ್ಟು ಲೀಟರ್, ಎಷ್ಟು ಯೂನಿಟ್, ಡ್ರಮ್ಮು ಮತ್ತು ಪೈಪಿಗೆ ಎಷ್ಟು ಖರ್ಚು. ಅಂಕಿ ಕಂಡರೆ ವಿಜ್ಞಾನದ ಮೇಷ್ಟ್ರು ಓದದೆ ಬಿಡುವುದಿಲ್ಲ.

ಅದಕ್ಕೂ ಮೊದಲು ಅಟೆಂಡರ್ ಅಣ್ಣನನ್ನು ಮಾತಾಡಿಸಿ. ಯಂತ್ರ ಹಚ್ಚುವವರು ಅವರು, ಬಂದ್ ಮಾಡುವವರು ಅವರು. ಡ್ರಮ್ ಎಲ್ಲಿ ಇಟ್ಟರೆ ಕಾಲಿಗೆ ತೊಡಕಾಗುವುದಿಲ್ಲ ಎನ್ನುವುದೂ ಅವರಿಗೇ ಗೊತ್ತು. ನಾನು ಹೋದ ಲ್ಯಾಬ್‌ನಲ್ಲಿ ಆ ಬಕೆಟ್ ನೀರನ್ನು ಅವರು ಚೆಲ್ಲಲಿಲ್ಲ. ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ನೆರಳಲ್ಲಿ ಆರಲಿಟ್ಟರು. ಹೊರಗಿನ ಬೇವಿನ ಸಸಿಗೆ ಅಂತ.

ಈಗ ಟಿಪ್ಸ್. ಬಣ್ಣದ ದ್ರಾವಣ, ಉಪ್ಪಿನ ದ್ರಾವಣ, ಬಫರ್ ಹಾಕುವ ಟಿಪ್ಸ್ ತೊಳೆದು ಒಣಗಿಸಿ ಬಳಸಬಹುದು. ಒಂದು ಬ್ಲ್ಯಾಂಕ್ ರೀಡಿಂಗ್, ಅಂದರೆ ಸ್ಯಾಂಪಲ್ ಇಲ್ಲದ ಬರೀ ಶುದ್ಧ ನೀರಿನ ರೀಡಿಂಗ್ ತೆಗೆದು ಖಚಿತ ಮಾಡಿಕೊಳ್ಳಿ. ಡಿಎನ್‌ಎ, ಪಿಸಿಆರ್, ರಕ್ತ, ರೋಗಾಣುಗಳ ಕೆಲಸದ ಟಿಪ್ಸ್ ಮಾತ್ರ ಮತ್ತೆ ಬಳಸಬೇಡಿ. ಅವುಗಳಿಗೆ ನಿಯಮದ ಪ್ರಕಾರ ಬೇರೆಯೇ ಬಣ್ಣದ ಚೀಲ ಇದೆ. ಸಾಧ್ಯವಿದ್ದ ಕಡೆ ಗಾಜಿನ ಪಿಪೆಟ್ಟೇ ಹಿಡಿಯಿರಿ. ಟೆಸ್ಟ್ ಟ್ಯೂಬ್ ತೊಳೆದು, ಹತ್ತಿ ಬಿರಡೆ ಹಾಕಿ, ಮತ್ತೆ ಬಳಸುವ ನಮ್ಮ ಹಳೆಯ ಲ್ಯಾಬ್‌ಗಳ ರೂಢಿಯನ್ನು ಬಡತನ ಎಂದು ತಿಳಿದು ಬಿಟ್ಟುಕೊಡಬೇಡಿ. ಫ್ಲೋರೈಡ್ ಸ್ಯಾಂಪಲ್‌ಗೆ ಹೇಗೂ ಪಾಲಿಥೀನ್ ಬಾಟಲಿಯೇ ಬೇಕು. ಅವನ್ನೂ ಚೆನ್ನಾಗಿ ತೊಳೆದರೆ ವರ್ಷಗಟ್ಟಲೆ ಬಾಳುತ್ತವೆ.

ನಿಮ್ಮ ಒಂದು ವಾರದ ಲೆಕ್ಕ ನಮಗೂ ಕಳಿಸಿ. ಬಕೆಟ್ ಎಷ್ಟು ಲೀಟರಿನದು, ತುಂಬಲು ಎಷ್ಟು ನಿಮಿಷ, ಕ್ಯಾನಿಗೆ ಎಷ್ಟು ಬಿತ್ತು, ಇಷ್ಟು ಬರೆದರೆ ಸಾಕು. ಬೀದರ್, ಯಾದಗಿರಿಯ ಕಾಲೇಜುಗಳಿಂದಲೂ ಯಾರಾದರೂ ಅಳೆದು ಕಳಿಸಿದರೆ ಎಲ್ಲವನ್ನೂ ಒಂದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.